ರಿಯೋಕಾನ್‌ನಲ್ಲಿ ಒಂದು ರಾತ್ರಿ: ಕೋಣೆ ಕಾದಿರಿಸುವುದರಿಂದ ಬಿಸಿನೀರ ಕೊಳದವರೆಗೆ

ಜಪಾನ್ ಪ್ರವಾಸದ ಪಟ್ಟಿಯಲ್ಲಿ ಟೋಕಿಯೊ, ಕ್ಯೋಟೊ, ಬುಲೆಟ್ ರೈಲು, ಫುಜಿ ಪರ್ವತ ಎಲ್ಲ ಸೇರಿದ ಮೇಲೆ, ಉಳಿದ ಜಾಗದಲ್ಲಿ ‘ಒಂದು ರಾತ್ರಿ ರಿಯೋಕಾನ್’ ಎಂದು ತುರುಕುವವರೇ ಹೆಚ್ಚು. ರಿಯೋಕಾನ್ ಎಂದರೆ ಜಪಾನಿನ ಸಾಂಪ್ರದಾಯಿಕ ವಸತಿಗೃಹ. ದಿನವಿಡೀ ದೇಗುಲ ಸುತ್ತಿ ರಾತ್ರಿ ಎಂಟಕ್ಕೆ ಸೂಟ್‌ಕೇಸ್ ಎಳೆದುಕೊಂಡು ಬರುತ್ತಾರೆ, ಬೆಳಿಗ್ಗೆ ಏಳರ ರೈಲಿಗೆ ಓಡುತ್ತಾರೆ. ತಲೆಗೆ ಇಪ್ಪತ್ತೈದು ಮೂವತ್ತು ಸಾವಿರ ರೂಪಾಯಿ ಕೊಟ್ಟು ಮಲಗಿ ಎದ್ದು ಬಂದದ್ದಷ್ಟೇ ಲಾಭ. ಬಿಸಿನೀರ ಬುಗ್ಗೆಯಿರುವ ರಿಯೋಕಾನ್‌ನಲ್ಲಿ ನೀವು ಹಣ ಕೊಡುವುದು ಮಧ್ಯಾಹ್ನ ಮೂರರಿಂದ ಮರುದಿನ ಹತ್ತು, ಹನ್ನೊಂದರವರೆಗಿನ ಹೊತ್ತಿಗೆ. ಆ ಹೊತ್ತನ್ನು ಪೂರ್ತಿ ಬಳಸಲು ಆಗದಿದ್ದರೆ ನಗರದ ಸಾಧಾರಣ ಹೋಟೆಲ್ ಸಾಕು.

ನಮ್ಮವರು ಎಡವುವ ಇನ್ನೊಂದು ಕಡೆ ಇದೆ. ಹೋದ ಮೇಲೆ ಕೇಳಿಕೊಂಡರಾಯಿತು, ಸ್ವಲ್ಪ ಅಡ್ಜಸ್ಟ್ ಮಾಡುತ್ತಾರೆ ಎಂಬ ನಂಬಿಕೆ ನಮ್ಮದು. ರಿಯೋಕಾನ್ ನಡೆಯುವುದು ಇದಕ್ಕೆ ತದ್ವಿರುದ್ಧವಾಗಿ. ಅತಿಥಿ ಹೊಸ್ತಿಲು ದಾಟುವ ಮೊದಲೇ ಅವನ ಊಟ, ಯಾವ ಬಟ್ಟಲಲ್ಲಿ ಏನು ಎಂಬುದರ ಸಮೇತ, ತೀರ್ಮಾನವಾಗಿರುತ್ತದೆ. ಹಾಗಾಗಿ ಕೇಳಬೇಕಾದ್ದನ್ನೆಲ್ಲ ವಾರಗಳ ಮೊದಲೇ ಕೇಳಿ ಮುಗಿಸಬೇಕು. ಈ ಲೇಖನದ ಅರ್ಧ ಭಾಗ ಮನೆಯಲ್ಲಿ ಕೂತು ಮಾಡಬೇಕಾದ ಕೆಲಸಗಳ ಬಗ್ಗೆಯೇ ಇರುವುದು ಅದಕ್ಕೇ.

ಮೊದಲು ಊರು, ಆಮೇಲೆ ಮನೆ

ಹೆಸರಾಂತ ರಿಯೋಕಾನ್‌ಗಳೆಲ್ಲ ಬುಗ್ಗೆಯ ಮೇಲೆ ಕೂತಿಲ್ಲ. ಕ್ಯೋಟೊ ನಗರದ ಮಧ್ಯದಲ್ಲಿರುವ ತವಾರಾಯ ಮುನ್ನೂರು ವರ್ಷ ದಾಟಿದ, ಜಗತ್ತಿಗೇ ಗೊತ್ತಿರುವ ಮನೆ. ಆದರೆ ಅಲ್ಲಿ ಬಿಸಿನೀರ ಬುಗ್ಗೆಯಿಲ್ಲ. ಒನ್ಸೆನ್, ಅಂದರೆ ಬುಗ್ಗೆಯ ನೀರೇ ಬೇಕಿದ್ದರೆ ಅದಿರುವ ಊರನ್ನು ಮೊದಲು ಆರಿಸಿ.

ಟೋಕಿಯೊದಲ್ಲಿ ಇಳಿದವರಿಗೆ ಹಕೊನೆ ಸುಲಭ. ಶಿಂಜುಕು ನಿಲ್ದಾಣದಿಂದ ಒಡಕ್ಯು ಸಂಸ್ಥೆಯ ‘ರೊಮ್ಯಾನ್ಸ್‌ಕಾರ್’ ರೈಲು ಸುಮಾರು ಒಂದೂವರೆ ಗಂಟೆಯೊಳಗೆ ಹಕೊನೆ ಯುಮೊತೊ ತಲುಪಿಸುತ್ತದೆ. ಅಲ್ಲಿಂದ ಪುಟ್ಟ ಬೆಟ್ಟದ ರೈಲು ಮೂರು ಕಡೆ ಹಿಂದುಮುಂದಾಗಿ ದಿಕ್ಕು ಬದಲಿಸುತ್ತ ಗೋರಾ ಊರಿಗೆ ಏರುತ್ತದೆ. ರಾಜವಂಶದ ಕಾನ್ಇನ್ ಮನೆತನದ ಬೇಸಿಗೆ ನಿವಾಸವಿದ್ದ ಜಾಗದಲ್ಲಿ ನಡೆಯುತ್ತಿರುವ ಗೋರಾ ಕಾದನ್ ಇರುವುದು ಇಲ್ಲೇ. ಇಜು ಪರ್ಯಾಯದ್ವೀಪದ ಶುಜೆಂಜಿಯಲ್ಲಿ ಅಸಾಬಾ ಎಂಬ ಐನೂರು ವರ್ಷ ಮೀರಿದ ಮನೆಯಿದೆ. ಅದರ ಕೊಳದಾಚೆ ‘ನೋ’ ಎಂಬ ಸಾಂಪ್ರದಾಯಿಕ ಜಪಾನಿ ನಾಟಕದ ರಂಗಮಂಟಪವೇ ಇದೆ.

ಕ್ಯೋಟೊ, ಒಸಾಕಾ ಕಡೆಯಿಂದ ಹೊರಡುವವರಿಗೆ ನನ್ನ ಮೊದಲ ಆಯ್ಕೆ ಕಿನೊಸಾಕಿ. ಕ್ಯೋಟೊದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡೂವರೆ ಗಂಟೆ. ಹೊಳೆಯ ಎರಡೂ ದಡಕ್ಕೆ ವಿಲೋ ಮರಗಳು, ಊರಿನಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳು. ಯಾವುದೇ ರಿಯೋಕಾನ್‌ನಲ್ಲಿ ತಂಗಿದರೂ ಏಳಕ್ಕೂ ಪ್ರವೇಶ ಉಚಿತ. ಸಂಜೆ ಊರಿಗೆ ಊರೇ ಯುಕಾಟ ಎಂಬ ಹಗುರ ನಿಲುವಂಗಿ ಉಟ್ಟು ಮರದ ಪಾದುಕೆ ಟಕಟಕ ಎನ್ನಿಸುತ್ತ ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ಓಡಾಡುತ್ತದೆ. ಒಂದು ಎಚ್ಚರಿಕೆ: ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಏಡಿಯ ಹಂಗಾಮು, ದರವೆಲ್ಲ ಏಡಿಯ ಲೆಕ್ಕದಲ್ಲಿ ಏರಿರುತ್ತದೆ. ಏಡಿ ತಿನ್ನದವರು ಏಡಿಯ ಬೆಲೆ ತೆರುವುದೇಕೆ? ಬೇರೆ ತಿಂಗಳು ನೋಡಿ.

ಗುನ್ಮಾ ಪ್ರಾಂತದ ಕುಸಾತ್ಸು, ಕೋಬೆ ಬಳಿಯ ಅರಿಮಾ, ಗಿಫು ಪ್ರಾಂತದ ಗೆರೊ, ಈ ಮೂರನ್ನು ಜಪಾನಿಯರು ಹಳೆಯ ಕಾಲದಿಂದ ಒಟ್ಟಿಗೆ ಹೊಗಳುತ್ತ ಬಂದಿದ್ದಾರೆ. ಅರಿಮಾದ ಒಂದು ಬಗೆಯ ನೀರು ಕಬ್ಬಿಣದ ಅಂಶದಿಂದ ಕೆಂಚು ಬಣ್ಣಕ್ಕಿರುತ್ತದೆ. ಕುಸಾತ್ಸುವಿನದು ಪಿಎಚ್ ಎರಡರ ಆಸುಪಾಸಿನ ಕಟು ಆಮ್ಲೀಯ ನೀರು. ಸೂಕ್ಷ್ಮ ಚರ್ಮದವರು ಮೊದಲ ಅನುಭವಕ್ಕೆ ಕುಸಾತ್ಸುವನ್ನು ಆರಿಸದಿರುವುದೇ ಒಳ್ಳೆಯದು.

ಮನೆ ಆರಿಸುವಾಗ ನೀರಿನ ಬಗ್ಗೆಯೂ ವಿಚಾರಿಸಿ. ಜಪಾನಿನ 1948ರ ಒನ್ಸೆನ್ ಕಾಯಿದೆಯ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿಯಾಗಿದ್ದರೆ, ಇಲ್ಲವೇ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ ಅದು ಒನ್ಸೆನ್. ಅದನ್ನು ಮತ್ತೆ ಕಾಯಿಸಿ, ಸೋಸಿ, ತಿರುಗಿಸಿ ಬಳಸಿದರೂ ಹೆಸರು ಬದಲಾಗುವುದಿಲ್ಲ. ತೊಟ್ಟಿಗೆ ಸದಾ ಹೊಸ ನೀರು ಹರಿದು ಬಂದು ಹೊರಚೆಲ್ಲುವ ವ್ಯವಸ್ಥೆಗೆ ‘ಗೆನ್ಸೆನ್ ಕಾಕೆನಾಗಾಶಿ’ ಎನ್ನುತ್ತಾರೆ. ಅದಿದ್ದ ಮನೆ ತನ್ನ ಜಾಲತಾಣದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿರುತ್ತದೆ. ಕೋಣೆಗೆ ಸ್ವಂತ ತೊಟ್ಟಿ ಇದೆ ಎಂದಾಗ ಅದರಲ್ಲಿ ಬುಗ್ಗೆಯ ನೀರು ಬರುತ್ತದೆಯೋ ನಲ್ಲಿಯ ನೀರೋ ಎಂದೂ ಕೇಳಿ. ಎಲ್ಲ ಕಡೆ ಎರಡೂ ಒಂದೇ ಆಗಿರುವುದಿಲ್ಲ.

ದರದ ಲೆಕ್ಕ

ರಿಯೋಕಾನ್‌ನ ದರ ಸಾಮಾನ್ಯವಾಗಿ ತಲೆಗೆ. ರಾತ್ರಿಯ ಊಟ, ಬೆಳಗಿನ ಉಪಾಹಾರ ಅದರಲ್ಲೇ ಸೇರಿರುತ್ತವೆ. ಬುಕಿಂಗ್ ತಾಣದಲ್ಲಿ ಕಾಣುವ ಮೊತ್ತ ಒಬ್ಬರದೋ ಇಬ್ಬರದೋ ಎಂದು ಎರಡು ಸಲ ಓದಿ. ಐಷಾರಾಮಿ ಎನ್ನಬಹುದಾದ ಮನೆಗಳಲ್ಲಿ ಒಬ್ಬರಿಗೆ ಸುಮಾರು 40 ಸಾವಿರ ಯೆನ್‌ನಿಂದ ಆರಂಭ. ಕೋಣೆಗೇ ಸೇರಿದ ತೆರೆದ ಸ್ನಾನದ ತೊಟ್ಟಿ ಬೇಕೆಂದರೆ 60 ಸಾವಿರದ ಆಸುಪಾಸು, ಹೆಸರುವಾಸಿ ಮನೆಗಳಲ್ಲಿ ಲಕ್ಷವೂ ದಾಟುತ್ತದೆ. ಒಂದು ಯೆನ್‌ಗೆ ಐವತ್ತೈದರಿಂದ ಅರವತ್ತು ಪೈಸೆ ಎಂದು ಹಿಡಿದರೆ ನಿಮ್ಮ ಲೆಕ್ಕ ಸಿಗುತ್ತದೆ. ಇದರ ಮೇಲೆ ಸ್ನಾನದ ತೆರಿಗೆ ಎಂದು ಹೆಚ್ಚಿನ ಊರುಗಳಲ್ಲಿ ತಲೆಗೆ 150 ಯೆನ್ ಇದೆ. ಅದನ್ನು ಬಹಳ ಕಡೆ ಹೊರಡುವಾಗ ಕೊಡಬೇಕು.

ಶನಿವಾರದ ರಾತ್ರಿ ಎಲ್ಲೆಲ್ಲೂ ದುಬಾರಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ‘ಗೋಲ್ಡನ್ ವೀಕ್’ ರಜೆಗಳು, ಆಗಸ್ಟ್ ಮಧ್ಯದ ಪಿತೃಗಳ ಹಬ್ಬ ಓಬೋನ್, ಹೊಸವರ್ಷದ ದಿನಗಳು ಇನ್ನೂ ದುಬಾರಿ. ಅದೇ ಕೋಣೆ ಮಂಗಳವಾರವೋ ಬುಧವಾರವೋ ಗಣನೀಯವಾಗಿ ಅಗ್ಗವಾಗುತ್ತದೆ. ಒಬ್ಬರೇ ಹೋಗುವವರಿಗೆ ಕೆಲವು ಮನೆಗಳು ಕೋಣೆಯನ್ನೇ ಕೊಡುವುದಿಲ್ಲ, ಕೊಟ್ಟರೂ ದರ ಹೆಚ್ಚು. ರದ್ದತಿಯ ನಿಯಮ ಬಿಗಿ. ಕೊನೆಯ ದಿನ ಬರುವುದಿಲ್ಲ ಎಂದರೆ ಪೂರ್ತಿ ಮೊತ್ತ ಹೋಯಿತೆಂದೇ ತಿಳಿಯಿರಿ, ಏಕೆಂದರೆ ನಿಮ್ಮ ಹೆಸರಿನಲ್ಲಿ ತರಕಾರಿ, ಮೀನು ಎಲ್ಲ ಬಂದಾಗಿರುತ್ತದೆ.

ಸಸ್ಯಾಹಾರಿಗಳು ಇಲ್ಲಿ ನಿಧಾನವಾಗಿ ಓದಬೇಕು

ರಿಯೋಕಾನ್‌ನ ರಾತ್ರಿಯೂಟವಾದ ಕೈಸೆಕಿ ಹತ್ತಾರು ಪುಟ್ಟ ಬಟ್ಟಲುಗಳ ಸಾಲು. ಅದರ ಅಡಿಪಾಯ ದಾಶಿ ಎಂಬ ತಿಳಿಸಾರು. ಒಣಗಿಸಿ ಹೊಗೆಯಾಡಿಸಿದ ಮೀನಿನ ತೆಳು ಸುರುಳಿಗಳನ್ನೂ ಕೊಂಬು ಎಂಬ ಕಡಲಪಾಚಿಯನ್ನೂ ನೀರಿಗೆ ಹಾಕಿ ತೆಗೆದ ಸಾರವದು. ಹುದುಗಿಸಿದ ಸೋಯಾದ ಮಿಸೊ ಸೂಪ್, ಬೇಯಿಸಿದ ಸೊಪ್ಪು, ತೋಫುವಿನ ಮೇಲಿನ ರಸ, ಟೆಂಪುರಾ ಎಂಬ ಬಜ್ಜಿ ಅದ್ದುವ ಬಟ್ಟಲು, ಎಲ್ಲದರಲ್ಲೂ ಇದು ಇರುತ್ತದೆ. ಕಣ್ಣಿಗೆ ಬರೀ ತರಕಾರಿ. ‘ನಾವು ವೆಜಿಟೇರಿಯನ್’ ಎಂದರೆ ಮಾಂಸ ಬಿಟ್ಟು ಮೀನು ಬಡಿಸುವ ಮನೆಗಳೂ ಇವೆ; ಅವರಿಗೆ ಅದರಲ್ಲಿ ಮೋಸದ ಉದ್ದೇಶವೇನೂ ಇರುವುದಿಲ್ಲ.

ಆದ್ದರಿಂದ ಹಣ ಕಟ್ಟುವ ಮೊದಲು ಮನೆಗೆ ನೇರವಾಗಿ ಇಮೇಲ್ ಬರೆಯಿರಿ. ‘ಸಸ್ಯಾಹಾರಿ’ ಎಂಬ ಒಂದು ಪದ ಸಾಲದು. ಮಾಂಸ, ಕೋಳಿ, ಮೀನು, ಸಿಗಡಿ, ಮೀನಿನ ದಾಶಿ ಬೇಡ. ಕೊಂಬು ಅಥವಾ ಶಿಟಾಕೆ ಅಣಬೆಯ ದಾಶಿ ಆದೀತು. ಮೊಟ್ಟೆ, ಹಾಲು ಆದೀತೋ ಬೇಡವೋ ಎಂದೂ ಬಿಡಿಸಿ ಹೇಳಿ. ಅಡುಗೆಗೆ ಮಿರಿನ್, ಸಾಕೆ ಎಂಬ ಅಕ್ಕಿಯ ಮದ್ಯ ಹಾಕುವುದು ಅಲ್ಲಿ ಮಾಮೂಲು, ಮದ್ಯದ ಅಂಶ ಬೇಡದವರು ಅದನ್ನೂ ಸೇರಿಸಿ. ‘ಆಗುವುದಿಲ್ಲ’ ಎಂದು ಉತ್ತರ ಬಂದರೆ ಬೇಸರಿಸಬೇಡಿ. ಕಷ್ಟಪಟ್ಟು ಒಪ್ಪಿಕೊಂಡ ಮನೆಗಿಂತ ಮೊದಲೇ ಕೈಮುಗಿದ ಮನೆ ನಿಮಗೆ ಉಪಕಾರ ಮಾಡಿದಂತೆ. ಹೋದ ಮೇಲೂ ಒಮ್ಮೆ ನೆನಪಿಸಲು ಈ ಮಾತು ಬಾಯಿಪಾಠ ಮಾಡಿಕೊಳ್ಳಿ: ‘ನಿಕು ಮೊ ಸಕಾನ ಮೊ ತಬೆಮಾಸೆನ್. ಕತ್ಸುಒ ದಾಶಿ ಮೊ ದಾಮೆ ದೆಸು.’ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ, ಮೀನಿನ ದಾಶಿಯೂ ಆಗದು ಎಂದು ಅರ್ಥ.

ಒಪ್ಪುವ ಮನೆ ಸಿಗದಿದ್ದರೆ ಎರಡು ದಾರಿ ಇವೆ. ಒಂದು, ಊಟವಿಲ್ಲದ ‘ಸುದೊಮಾರಿ’ ದರದಲ್ಲಿ ಕೋಣೆ ಹಿಡಿಯುವುದು. ಆದರೆ ಬೆಟ್ಟದೂರುಗಳಲ್ಲಿ ಹೋಟೆಲುಗಳು ಬೇಗ ಬಾಗಿಲು ಹಾಕುತ್ತವೆ, ಸಸ್ಯಾಹಾರ ಹುಡುಕುವುದು ಇನ್ನೂ ಕಷ್ಟ. ಕೈಯಲ್ಲಿ ಏನಾದರೂ ಇರಲಿ. ಚಟ್ನಿಪುಡಿಯ ಡಬ್ಬಿ ಕೋಣೆಯಲ್ಲಿ ಸದ್ದಿಲ್ಲದೆ ಕೆಲಸಕ್ಕೆ ಬರುತ್ತದೆ. ಅದನ್ನು ಊಟದ ಸಭಾಂಗಣಕ್ಕೆ ಒಯ್ದು ಬಾಣಸಿಗ ಕಳುಹಿಸಿದ ಬಟ್ಟಲಿನ ಮೇಲೆ ಉದುರಿಸುವುದು ಮಾತ್ರ ಬೇಡ.

ಇನ್ನೊಂದು ದಾರಿ, ವಕಾಯಾಮಾ ಪ್ರಾಂತದ ಕೋಯಸಾನ್. ಕೂಕಾಯಿ ಎಂಬ ಬೌದ್ಧ ಗುರು 816ರಲ್ಲಿ ಅರಸನಿಂದ ಪಡೆದ ಈ ಬೆಟ್ಟದ ಮೇಲೆ ಐವತ್ತರಷ್ಟು ಮಠಗಳು ಯಾತ್ರಿಕರಿಗೆ ತಂಗಲು ಕೋಣೆ ಕೊಡುತ್ತವೆ. ಅಲ್ಲಿನ ಶೋಜಿನ್ ಅಡುಗೆ ಸಸ್ಯಾಹಾರ. ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಜೈನರಿಗೂ, ಮಡಿಯಲ್ಲಿ ಈರುಳ್ಳಿ ಬಿಟ್ಟ ಹಿರಿಯರಿಗೂ ಜಪಾನಿನಲ್ಲಿ ಇದಕ್ಕಿಂತ ನೆಮ್ಮದಿಯ ಊಟ ಸಿಗುವುದು ಅಪರೂಪ, ಆದರೆ ಗಡ್ಡೆ ಗೆಣಸುಗಳ ಬಗ್ಗೆ ಜೈನರು ಪ್ರತ್ಯೇಕವಾಗಿ ಹೇಳಬೇಕು. ಫುಕುಚಿಇನ್ ಎಂಬ ಮಠದಲ್ಲಿ ಬುಗ್ಗೆಯ ಸ್ನಾನವೂ ಇದೆ. ರಿಯೋಕಾನ್‌ನ ವೈಭೋಗದ ಬದಲು ಮುಂಜಾನೆಯ ಮಂತ್ರಪಠಣ ಸಿಗುತ್ತದೆ. ಕೆಲವರಿಗೆ ಅದೇ ಹಿತ.

ಇದೇ ಪತ್ರದಲ್ಲಿ ಬೇರೆ ಅಗತ್ಯಗಳನ್ನೂ ಬರೆದುಬಿಡಿ. ಮಂಡಿ ನೋವಿನ ಹಿರಿಯರಿದ್ದರೆ ಮಂಚವಿರುವ ಕೋಣೆ, ಊಟಕ್ಕೆ ಕುರ್ಚಿ ಕೇಳಿ. ಈಗ ಬಹಳ ಮನೆಗಳಲ್ಲಿ ಎರಡೂ ಇವೆ. ಮೈಮೇಲೆ ಹಚ್ಚೆ ಇದ್ದರೆ ಸಾರ್ವಜನಿಕ ತೊಟ್ಟಿಗೆ ಬಿಡುತ್ತಾರೆಯೇ ಎಂದು ಕೇಳಿ. ಅಲ್ಲಿ ಹಚ್ಚೆಗೆ ಅಪರಾಧಿ ಗುಂಪುಗಳ ನೆನಪು ಅಂಟಿಕೊಂಡಿದೆ, ಅಜ್ಜಿಯ ಕೈಮೇಲಿನ ಹಳೆಯ ಹಚ್ಚೆಗೂ ಆಕ್ಷೇಪ ಬರಬಹುದು. ಕಿನೊಸಾಕಿಯ ಏಳು ಸ್ನಾನಗೃಹಗಳಲ್ಲಿ ಈ ತಕರಾರಿಲ್ಲ.

ಹೊರಡುವ ದಿನ

ದೊಡ್ಡ ಸೂಟ್‌ಕೇಸನ್ನು ರಿಯೋಕಾನ್‌ಗೆ ಒಯ್ಯಬೇಡಿ. ಜಪಾನಿನ ‘ತಕ್ಕ್ಯೂಬಿನ್’ ಸೇವೆ ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಸಾಮಾನನ್ನು ಸಾಮಾನ್ಯವಾಗಿ ಮರುದಿನವೇ ಮುಟ್ಟಿಸುತ್ತದೆ. ಟೋಕಿಯೊದ ಹೋಟೆಲಿನ ಸ್ವಾಗತಕಟ್ಟೆಯಲ್ಲೇ ಚೀಟಿ ಬರೆದು ಕ್ಯೋಟೊಗೆ ಕಳುಹಿಸಿ, ಒಂದು ರಾತ್ರಿಯ ಬಟ್ಟೆ ಇರುವ ಕೈಚೀಲದೊಂದಿಗೆ ಬೆಟ್ಟ ಹತ್ತಿ. ರಾತ್ರಿಯುಡುಪು, ಟವೆಲ್, ಸೋಪು, ಹಲ್ಲುಜ್ಜುವ ಬ್ರಷ್ ಎಲ್ಲ ಮನೆಯವರೇ ಕೊಡುತ್ತಾರೆ.

ಮೂರು ಗಂಟೆಗೆ ಬಾಗಿಲು ತೆರೆಯುತ್ತಾರೆ ಎಂದಿದ್ದರೆ ಮೂರೂಕಾಲಿಗೆ ಅಲ್ಲಿರಿ. ರಾತ್ರಿಯೂಟ ಆರು ಅಥವಾ ಆರೂವರೆಗೆ. ರೈಲು ತಪ್ಪಿದರೆ ತಕ್ಷಣ ಫೋನ್ ಮಾಡಿ. ಅಡುಗೆಮನೆ ನಿಮಗಾಗಿ ಒಲೆ ಉರಿಸಿಕೊಂಡು ಕಾಯುವುದಿಲ್ಲ.

ಹೊಸ್ತಿಲಿನಿಂದ ಕೋಣೆಗೆ

ಶೂ ಬಿಡುವ ಜಾಗ ಬಾಗಿಲಲ್ಲೇ ಇದೆ. ಬಿಟ್ಟ ಮೇಲೆ ಕಾಲನ್ನು ಕೆಳಗಿನ ನೆಲಕ್ಕೆ ತಾಗಿಸದೆ ಮೇಲಿನ ಮರದ ನೆಲಕ್ಕೆ ಏರಿ. ಮುಂದೆ ಓಡಾಡಲು ಚಪ್ಪಲಿ ಕೊಡುತ್ತಾರೆ. ತತಾಮಿ ಚಾಪೆ ಹಾಸಿದ ಕೋಣೆಯ ಅಂಚಿನಲ್ಲಿ ಅದನ್ನೂ ಬಿಡಬೇಕು, ಶೌಚಾಲಯಕ್ಕೆ ಬೇರೆಯೇ ಚಪ್ಪಲಿ. ಮನೆಯೊಳಗೆ ಚಪ್ಪಲಿ ಹಾಕದ ನಮಗೆ ಇದು ಕಲಿಸಬೇಕಾದ ಪಾಠವಲ್ಲ. ಆದರೂ ಶೌಚಾಲಯದ ಚಪ್ಪಲಿಯಲ್ಲೇ ತತಾಮಿಯ ಮೇಲೆ ಬರುವುದು ಪ್ರವಾಸಿಗಳೆಲ್ಲರ ಅತಿ ಸಾಮಾನ್ಯ ಎಡವಟ್ಟು.

ಕೋಣೆಗೆ ಕರೆದೊಯ್ಯುವ ಪರಿಚಾರಿಕೆಯನ್ನು ನಾಕಾಯಿ ಎನ್ನುತ್ತಾರೆ, ಮನೆಯ ಯಜಮಾನಿ ಒಕಾಮಿ. ಚಹಾ, ಒಂದು ಸಿಹಿ ತಿಂಡಿ ಇಟ್ಟು ನಾಕಾಯಿ ಊಟದ ಸಮಯ ಕೇಳುತ್ತಾಳೆ. ಆ ಸಿಹಿಯನ್ನು ತಿಂದೇ ಸ್ನಾನಕ್ಕೆ ಹೋಗಿ. ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗಿಳಿದರೆ ತಲೆ ಸುತ್ತುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಸ್ವಲ್ಪ ಎತ್ತರದ ಕಟ್ಟೆ, ಗೋಡೆಗೆ ಚಿತ್ರದ ಸುರುಳಿ, ಒಂದು ಹೂದಾನಿ ಇರುತ್ತದೆ. ಅದು ತೊಕೊನೊಮಾ. ಬ್ಯಾಗ್ ಇಡಲು ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ, ಇಡಬೇಡಿ. ಕೂರಲು ಜಪಾನಿಯರಂತೆ ಮಂಡಿಯೂರಬೇಕಿಲ್ಲ, ಚಕ್ಕಳಮಕ್ಕಳ ಹಾಕಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಯುಕಾಟ ಉಡುವುದಕ್ಕೆ ಇರುವ ನಿಯಮ ಒಂದೇ: ಗಂಡಸರಾಗಲಿ ಹೆಂಗಸರಾಗಲಿ, ನಿಮ್ಮ ಎಡಗಡೆಯ ಸೆರಗು ಮೇಲೆ ಬರಬೇಕು. ಬಲಗಡೆ ಮೇಲೆ ಬರುವಂತೆ ಉಡಿಸುವುದು ಶವಕ್ಕೆ. ಒಳಉಡುಪು ಇರಲಿ. ಅಳತೆ ಚಿಕ್ಕದಾದರೆ ಕೇಳಿ, ದೊಡ್ಡದು ಕೊಡುತ್ತಾರೆ. ಇದನ್ನೇ ಉಟ್ಟು ಊಟಕ್ಕೂ ಹೋಗಬಹುದು, ಮಲಗಲೂಬಹುದು.

ಸ್ನಾನ

ಮೊದಲ ಸ್ನಾನ ಊಟಕ್ಕೆ ಮುಂಚೆ, ನಾಲ್ಕರಿಂದ ಐದೂವರೆಯೊಳಗೆ.

ಸ್ನಾನಗೃಹದ ಬಾಗಿಲಿಗೆ ತೂಗಿದ ಪರದೆಯ ಬಣ್ಣ ನೋಡಿ: ನೀಲಿ ಗಂಡಸರಿಗೆ, ಕೆಂಪು ಹೆಂಗಸರಿಗೆ. ಬಣ್ಣ ಸ್ಪಷ್ಟವಿಲ್ಲದಿದ್ದರೆ ಅಕ್ಷರ ಗುರುತಿಸಿ. ಗಂಡಸರ ಅಕ್ಷರದ ತಲೆಯ ಮೇಲೆ ನಾಲ್ಕು ಚೌಕದ ಕಿಟಕಿಯಂಥ ಆಕಾರವಿರುತ್ತದೆ. ಅನೇಕ ಮನೆಗಳು ರಾತ್ರಿ ಕಳೆದೊಡನೆ ಎರಡನ್ನೂ ಅದಲುಬದಲು ಮಾಡುತ್ತವೆ. ನಿನ್ನೆ ಹೋದ ಬಾಗಿಲು ಇವತ್ತೂ ನಿಮ್ಮದೇ ಎಂದು ನಿದ್ದೆಗಣ್ಣಿನಲ್ಲಿ ನುಗ್ಗಬೇಡಿ.

ಒಳಗೆ ಬಟ್ಟೆ ಪೂರ್ತಿ ತೆಗೆಯಬೇಕು. ಈಜುಡುಗೆ, ಒಳಉಡುಪು ಯಾವುದೂ ಇಲ್ಲ. ನಮ್ಮ ಊರಿನವರಿಗೆ ಕಾಲು ಹಿಂದೆ ಸರಿಯುವುದು ಇಲ್ಲೇ. ಮುಜುಗರ ಸಹಜ, ಆದರೆ ಅಲ್ಲಿ ಯಾರೂ ಯಾರನ್ನೂ ನೋಡುತ್ತಿರುವುದಿಲ್ಲ. ಅದೂ ಸಾಧ್ಯವಿಲ್ಲವೆಂದರೆ ‘ಕಾಶಿಕಿರಿ’, ಅಂದರೆ ಗಂಟೆಯ ಲೆಕ್ಕದಲ್ಲಿ ಕುಟುಂಬಕ್ಕೆ ಮಾತ್ರ ಬಿಟ್ಟುಕೊಡುವ ಸ್ನಾನದ ಕೋಣೆ ಕೇಳಿ. ಗಂಡಹೆಂಡತಿ ಒಟ್ಟಿಗೆ ಸ್ನಾನ ಮಾಡಬೇಕೆಂದರೂ, ಪುಟ್ಟ ಮಕ್ಕಳಿದ್ದರೂ ಇದೇ ಅನುಕೂಲ. ಡೈಪರ್ ಬಿಡದ ಕೂಸುಗಳನ್ನು ದೊಡ್ಡ ತೊಟ್ಟಿಗೆ ಇಳಿಸುವಂತಿಲ್ಲ. ಮುಟ್ಟಿನ ದಿನಗಳಲ್ಲೂ ದೊಡ್ಡ ತೊಟ್ಟಿ ಬಿಟ್ಟು ಕೋಣೆಯ ಶವರ್ ಬಳಸುವುದು ರೂಢಿ.

ಆಭರಣಗಳನ್ನು ಕೋಣೆಯ ತಿಜೋರಿಯಲ್ಲೇ ಬಿಟ್ಟು ಬನ್ನಿ. ಗಂಧಕದ ನೀರಿಗೆ ಬೆಳ್ಳಿ ನಿಮಿಷಗಳಲ್ಲಿ ಕಪ್ಪಾಗುತ್ತದೆ; ಕಾಲುಂಗುರ, ಕಾಲ್ಗೆಜ್ಜೆ, ಉಡಿದಾರದ ಗುಂಡು ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. 22 ಕ್ಯಾರೆಟ್ ಚಿನ್ನದಲ್ಲೂ ತಾಮ್ರ, ಬೆಳ್ಳಿಯ ಬೆರಕೆ ಇರುವುದರಿಂದ ತಾಳಿ ಮಂಕಾಗುವ ಸಂಭವವಿದೆ. ತೆಗೆಯಲು ಮನಸ್ಸಿಲ್ಲದವರು ಮನೆ ಕಾದಿರಿಸುವಾಗಲೇ ಗಂಧಕವಿಲ್ಲದ ನೀರಿನ ಊರು ನೋಡಿಕೊಳ್ಳಿ. ನೀರಿನ ವಿಶ್ಲೇಷಣೆಯ ಫಲಕವನ್ನು ಪ್ರತಿ ಸ್ನಾನಗೃಹವೂ ಹಾಕಲೇಬೇಕೆಂದು ಕಾನೂನಿದೆ, ಫೋನಿನ ಅನುವಾದ ಆ್ಯಪ್ ಅದನ್ನು ಓದಿ ಹೇಳುತ್ತದೆ. ಆದರೆ ಬಟ್ಟೆ ಬದಲಿಸುವ ಕೋಣೆಯೊಳಗೆ ಫೋನ್ ಎತ್ತುವಂತಿಲ್ಲ. ಫಲಕ ಒಳಗಿದ್ದರೆ ಅದರ ಪ್ರತಿಯನ್ನು ಸ್ವಾಗತಕಟ್ಟೆಯಲ್ಲಿ ಕೇಳಿ.

ಕೈಯಲ್ಲಿ ಚಿಕ್ಕ ಟವೆಲ್ ಮಾತ್ರ ಹಿಡಿದು ಒಳಗೆ ಹೋದರೆ ಗೋಡೆಯುದ್ದಕ್ಕೂ ಗಿಡ್ಡ ಮಣೆಗಳು, ಬೋಗುಣಿ, ಕೈ ಶವರ್. ಮಣೆಯ ಮೇಲೆ ಕೂತು, ಮನೆಯಲ್ಲಿ ಎಣ್ಣೆಸ್ನಾನದ ದಿನ ಸೀಗೆಪುಡಿಯಲ್ಲಿ ತಿಕ್ಕಿಕೊಳ್ಳುವಷ್ಟೇ ಶ್ರದ್ಧೆಯಿಂದ ತಲೆಯಿಂದ ಕಾಲಿನವರೆಗೆ ತೊಳೆದುಕೊಳ್ಳಿ. ನಿಂತು ಶವರ್ ಹಾಯಿಸಿದರೆ ಪಕ್ಕದವರಿಗೆ ಸಿಡಿಯುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಾಕುವವರು ಎರಡು ಸಲ ಶಾಂಪೂ ಮಾಡಿ. ಎಲ್ಲರೂ ಮುಳುಗುವ ನೀರಿನ ಮೇಲೆ ಎಣ್ಣೆಯ ಪದರ ತೇಲಿದರೆ ಅದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ. ತೊಟ್ಟಿ ಇರುವುದು ಮೈ ತೊಳೆಯಲಿಕ್ಕಲ್ಲ, ತೊಳೆದ ಮೈಯನ್ನು ನೆನೆಸಲಿಕ್ಕೆ.

ನೊರೆಯೆಲ್ಲ ಹೋದ ಮೇಲೆ, ಇಳಿಯುವ ಮೊದಲು ತೊಟ್ಟಿಯ ನೀರನ್ನೇ ಬೋಗುಣಿಯಲ್ಲಿ ತೆಗೆದು ಪಾದ, ಕಾಲು, ಭುಜಕ್ಕೆ ಸುರಿದುಕೊಳ್ಳಿ. ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ, ದೇಹ ಬೆಚ್ಚದಿರಲಿ ಎಂದು ಈ ಕ್ರಮ. ಉದ್ದ ಕೂದಲು ಮೇಲೆ ಕಟ್ಟಿ. ಟವೆಲನ್ನು ನೀರಿಗೆ ಅದ್ದಬಾರದು, ಮಡಿಸಿ ತಲೆಯ ಮೇಲಿಟ್ಟುಕೊಳ್ಳಿ. ಮೊದಲ ಸಲ ಐದು ನಿಮಿಷ ಸಾಕು. ಮೇಲೆ ಬಂದು ಅಂಚಿನಲ್ಲಿ ಕೂತು ತಣಿದು ಮತ್ತೆ ಇಳಿಯಿರಿ. ಒಳಗಿನ ತೊಟ್ಟಿಗೆ ಮೈ ಒಗ್ಗಿದ ಮೇಲೆ ಹೊರಗಿನ ತೆರೆದ ತೊಟ್ಟಿ ‘ರೊತೆನ್‌ಬುರೊ’ಗೆ ಹೋಗಿ. ತಲೆಗೆ ತಣ್ಣನೆ ಗಾಳಿ ಬೀಸುತ್ತಿರುವಾಗ ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕೂತಿರುವ ಸುಖಕ್ಕೇ ಜನ ಇಷ್ಟು ದೂರ ಬರುವುದು. ಚಳಿಗಾಲದಲ್ಲಿ ಹಿಮ ಬೀಳುತ್ತಿದ್ದರಂತೂ ಎದ್ದು ಬರುವುದೇ ಕಷ್ಟ.

ಮದ್ಯ ಕುಡಿದೋ ಹೊಟ್ಟೆ ತುಂಬ ಉಂಡ ಕೂಡಲೇನೋ ಇಳಿಯಬೇಡಿ. ಹೃದ್ರೋಗ, ತೀವ್ರ ರಕ್ತದೊತ್ತಡ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಗರ್ಭಿಣಿಯರಿಗೆ ಬುಗ್ಗೆಯ ಸ್ನಾನ ನಿಷಿದ್ಧ ಎಂಬ ಹಳೆಯ ಸೂಚನೆಯನ್ನು ಜಪಾನ್ ಸರ್ಕಾರ 2014ರಲ್ಲಿ ಕೈಬಿಟ್ಟಿದೆ; ಆದರೂ ಜಾರುವ ನೆಲ, ತಲೆಸುತ್ತುವ ಬಿಸಿ ಇದ್ದೇ ಇವೆ, ಅವರೂ ವೈದ್ಯರ ಮಾತು ಕೇಳುವುದು ಲೇಸು. ಹೊರಬರುವಾಗ ಖನಿಜದ ನೀರನ್ನು ಮತ್ತೆ ತೊಳೆಯದೆ ಒರೆಸಿಕೊಳ್ಳುವುದು ವಾಡಿಕೆ. ಆಮ್ಲೀಯ, ಗಂಧಕದ ನೀರಾದರೆ ಸೂಕ್ಷ್ಮ ಚರ್ಮದವರು ತೊಳೆದುಕೊಳ್ಳಲಿ. ಬಟ್ಟೆಯ ಕೋಣೆಗೆ ಕಾಲಿಡುವ ಮೊದಲು ಚಿಕ್ಕ ಟವೆಲ್‌ನಿಂದ ಮೈ ಒರೆಸಿರಬೇಕು. ಆಮೇಲೆ ಎರಡು ಲೋಟ ನೀರು ಕುಡಿಯಿರಿ.

ಊಟ ಮತ್ತು ಹಾಸಿಗೆ

ಕೈಸೆಕಿಗೆ ಎರಡು ಗಂಟೆ ಮೀಸಲಿಡಿ. ಒಂದಾದ ಮೇಲೊಂದು ಬಟ್ಟಲು ಬರುತ್ತದೆ. ಅನ್ನ, ಮಿಸೊ, ಉಪ್ಪಿನಕಾಯಿ ಬರುವುದು ಕೊನೆಯಲ್ಲಿ. ಅನ್ನ ಬಂದರೆ ಊಟ ಮುಗಿಯುತ್ತ ಬಂತೆಂದು ಅರ್ಥ. ಅನ್ನವನ್ನೇ ಕಾಯುತ್ತ ಕೂತರೆ ಮೊದಲ ಬಟ್ಟಲುಗಳ ರುಚಿ ತಪ್ಪಿಹೋಗುತ್ತದೆ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಕಡ್ಡಿಯಿಂದ ಕಡ್ಡಿಗೆ ತುತ್ತು ದಾಟಿಸಬೇಡಿ. ಎರಡೂ ಸಾವಿನ ವಿಧಿಗೆ ಸೇರಿದ ಕ್ರಿಯೆಗಳು. ಚಮಚ ಕೇಳಿದರೆ ಕೊಡುತ್ತಾರೆ.

ನೀವು ಉಣ್ಣುತ್ತಿರುವಾಗ ಯಾರೋ ಬಂದು ಕೋಣೆಯಲ್ಲಿ ಹಾಸಿಗೆ ಹಾಸಿ ಹೋಗಿರುತ್ತಾರೆ. ಬೆಲೆಬಾಳುವ ವಸ್ತುಗಳನ್ನು ತಿಜೋರಿಯಲ್ಲಿಡಿ, ಹರಡಿದ ಸಾಮಾನು ಮೂಲೆಗೆ ಸರಿಸಿ ಹೋಗಿ. ಹಾಸಿಗೆ ತೆಳುವೆನಿಸಿದರೆ ಗೋಡೆಯ ಕಪಾಟಿನಲ್ಲಿ ಇನ್ನೊಂದು ಇರುತ್ತದೆ, ಇಲ್ಲದಿದ್ದರೆ ಕೇಳಿ. ಕಾಗದದ ಜಾರುಬಾಗಿಲುಗಳಲ್ಲಿ ಮಾತು ನಿಲ್ಲುವುದಿಲ್ಲ, ಊರಿಗೆ ವಿಡಿಯೊ ಕರೆ ಮಾಡುವಾಗ ದನಿ ತಗ್ಗಿಸಿ. ಮಲಗುವ ಮುನ್ನ ಇನ್ನೊಮ್ಮೆ ಸ್ನಾನಕ್ಕೆ ಹೋಗಬಹುದು. ಹತ್ತು ಗಂಟೆಯ ನಂತರ ತೊಟ್ಟಿ ಬಹುತೇಕ ಖಾಲಿ.

ಬೆಳಿಗ್ಗೆ

ಆರಕ್ಕೆ ಎದ್ದು ಮೂರನೆಯ ಸ್ನಾನ. ಎಂಟಕ್ಕೆ ಉಪಾಹಾರ: ಅನ್ನ, ಸುಟ್ಟ ಮೀನು, ತೋಫು, ಮಿಸೊ, ಅರೆಬೆಂದ ಮೊಟ್ಟೆ. ಸಸ್ಯಾಹಾರದ ಪತ್ರದಲ್ಲಿ ರಾತ್ರಿಯೂಟವನ್ನಷ್ಟೇ ಬರೆದು ಇದನ್ನು ಮರೆತವರು ಬೆಳಿಗ್ಗೆ ಅನ್ನ, ಉಪ್ಪಿನಕಾಯಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಎರಡೂ ಊಟದ ಹೆಸರು ಬರೆಯಿರಿ.

ಬಕ್ಷೀಸು ಕಡ್ಡಾಯವಲ್ಲ, ಸೇವಾ ಶುಲ್ಕ ದರದಲ್ಲೇ ಇರುತ್ತದೆ. ನಾಕಾಯಿಗೆ ಏನಾದರೂ ಕೊಡಬೇಕು ಅನ್ನಿಸಿದರೆ ಒಂದರಿಂದ ಮೂರು ಸಾವಿರ ಯೆನ್ ಅನ್ನು ಪುಟ್ಟ ಲಕೋಟೆಯಲ್ಲಿಟ್ಟು ಕೊಡುವ ಹಳೆಯ ಪದ್ಧತಿಯಿದೆ. ಅದನ್ನು ಬಂದ ಕೂಡಲೇ, ಕೋಣೆಯಲ್ಲಿ ಚಹಾ ಕೊಡುವಾಗ ಕೊಡುವುದು ಕ್ರಮ. ಬರಿಗೈಯಲ್ಲಿ ನೋಟು ಚಾಚಬಾರದು, ಬೇಡವೆಂದರೆ ಒತ್ತಾಯಿಸಲೂಬಾರದು. ಮೈಸೂರು ರೇಷ್ಮೆಯ ಪುಟ್ಟ ಬಟ್ಟೆಚೀಲವನ್ನೋ ಚನ್ನಪಟ್ಟಣದ ಮರದ ಗೊಂಬೆಯನ್ನೋ ಕೊಟ್ಟರೆ ಹೆಚ್ಚು ಸಂತೋಷದಿಂದ ಸ್ವೀಕರಿಸಿಯಾರು.

ಹಾಸಿಗೆ ಮಡಿಸುವ ಅಗತ್ಯವಿಲ್ಲ. ಯುಕಾಟವನ್ನು ಒಂದು ಕಡೆ ಇಡಿ. ಅದು ಮನೆಯವರದು, ಬೇಕಿದ್ದರೆ ಅಂಗಡಿಯಲ್ಲಿ ಹೊಸದು ಕೊಳ್ಳಬಹುದು. ಸ್ನಾನದ ತೆರಿಗೆ, ಕುಡಿದದ್ದರ ಬಿಲ್ಲು ಕೊಟ್ಟು, ನಿಲ್ದಾಣಕ್ಕೆ ಬಿಡುವ ಗಾಡಿಯ ಸಮಯ ಕೇಳಿಕೊಳ್ಳಿ. ಬಹಳ ಮನೆಗಳಲ್ಲಿ ಅದು ಉಚಿತ, ಆದರೆ ಹೆಸರನ್ನು ಹಿಂದಿನ ರಾತ್ರಿಯೇ ಬರೆಸಿರಬೇಕು.